ತುಕ್ಕು ಮತ್ತೆ ಕಬ್ಬಿಣವಾಗುತ್ತದೆಯೇ?

ಪ್ರಶ್ನೆ: ಹಳೆಯ ಕತ್ತಿಯನ್ನು ವಾಷಿಂಗ್ ಸೋಡಾ ನೀರಿನಲ್ಲಿಟ್ಟು ಬ್ಯಾಟರಿ ಚಾರ್ಜರಿನಿಂದ ಕರೆಂಟ್ ಹಾಯಿಸಿದರೆ ತುಕ್ಕು ಬಿಡುತ್ತದಂತೆ. ಆ ತುಕ್ಕು ಮರಳಿ ಕಬ್ಬಿಣವಾಗುತ್ತದೆಯೇ? ಮನೆಯಲ್ಲಿ ಮಾಡಬಹುದೇ?

ಉತ್ತರ: ತುಕ್ಕು ಬಿಡುವುದು ನಿಜ. ಕಬ್ಬಿಣವಾಗಿ ಮರಳುತ್ತದೆ ಎಂಬುದು ಬಹುಮಟ್ಟಿಗೆ ತಪ್ಪು.

ಕಬ್ಬಿಣ ತನ್ನ ಇಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಬಿಟ್ಟುಕೊಟ್ಟು, ನೀರನ್ನೂ ಸೇರಿಸಿಕೊಂಡಾಗ ತುಕ್ಕು ಹುಟ್ಟುತ್ತದೆ. ಚಾರ್ಜರಿನ ಮೈನಸ್ ತಂತಿಯನ್ನು ಕತ್ತಿಗೆ ಸೇರಿಸಿದರೆ ಇಲೆಕ್ಟ್ರಾನುಗಳು ಅದರೊಳಗೆ ನುಗ್ಗುತ್ತವೆ. ತುಕ್ಕು ಅವನ್ನು ಪಡೆದು ಬದಲಾಗುವುದೇ ಅಪಕರ್ಷಣೆ. ಆದರೆ ತುಕ್ಕು ಒಂದೇ ವಸ್ತುವಲ್ಲ. ಅದರಲ್ಲಿರುವ ಲೆಪಿಡೊಕ್ರೊಸೈಟ್ ಸುಲಭವಾಗಿ ಕಪ್ಪನೆಯ ಮ್ಯಾಗ್ನೆಟೈಟ್ ಆಗುತ್ತದೆ. ಗೋಯಥೈಟ್ ಅಷ್ಟು ಬೇಗ ಜಗ್ಗುವುದಿಲ್ಲ. ಮ್ಯಾಗ್ನೆಟೈಟ್ ಕೂಡ ಆಕ್ಸೈಡೇ, ಲೋಹವಲ್ಲ. ಜೊತೆಗೆ ಕತ್ತಿಯ ಮೇಲೆ ಏಳುವ ಜಲಜನಕದ ಗುಳ್ಳೆಗಳು ಪದರವನ್ನು ಅಡಿಯಿಂದ ಎಬ್ಬಿಸುತ್ತವೆ. ಆದ್ದರಿಂದಲೇ ಕೊನೆಗೆ ಬ್ರಷ್ಷಿನಿಂದ ಉಜ್ಜಿದರೆ ಕಪ್ಪು ಮಡ್ಡಿ ಕಳಚಿ ಬರುತ್ತದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. 1 ಆಂಪಿಯರ್ ಕರೆಂಟು 1 ಗಂಟೆ ಒಂದಿಷ್ಟೂ ಪೋಲಾಗದೆ ತುಕ್ಕಿಗೇ ಸಂದರೂ ಫ್ಯಾರಡೆಯ ನಿಯಮದಂತೆ ಸಿಗುವ ಕಬ್ಬಿಣ ಸುಮಾರು 0.7 ಗ್ರಾಂ. ವಾಸ್ತವದಲ್ಲಿ ಕರೆಂಟಿನ ದೊಡ್ಡ ಪಾಲು ಜಲಜನಕ ಹುಟ್ಟಿಸುವುದಕ್ಕೇ ಹೋಗುತ್ತದೆ.

ಚಾರ್ಜರ್ ಇಲ್ಲದೆಯೂ ಈ ಕ್ರಿಯೆ ನಡೆಯುತ್ತದೆ ಎಂದು ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ ವಿವರಿಸಿದ್ದರು. ನೆನೆದ ತುಕ್ಕು ಅಡಿಯ ಕಬ್ಬಿಣದಿಂದಲೇ ಇಲೆಕ್ಟ್ರಾನ್ ಕಿತ್ತುಕೊಂಡು ಮ್ಯಾಗ್ನೆಟೈಟ್ ಆಗುತ್ತದೆ. ಒಣಗುವಾಗ ಗಾಳಿಯ ಆಮ್ಲಜನಕ ಅದನ್ನು ಮತ್ತೆ ತುಕ್ಕಾಗಿಸುತ್ತದೆ. ನೆನೆದು ಒಣಗಿ, ಮತ್ತೆ ನೆನೆಯುವ ಉಪಕರಣ ಬೇಗ ಹಾಳಾಗುವುದಕ್ಕೆ ಇದೂ ಒಂದು ಕಾರಣ.

ವಸ್ತುಸಂಗ್ರಹಾಲಯಗಳಿಗೂ ಈ ವಿಧಾನ ಬೇಕು. 1862ರಲ್ಲಿ ಮುಳುಗಿದ ಅಮೆರಿಕದ ಮಾನಿಟರ್ ಯುದ್ಧನೌಕೆಯ ಫಿರಂಗಿ ಗೋಪುರವನ್ನು 2002ರಲ್ಲಿ ಮೇಲೆತ್ತಿದರು. ವರ್ಜೀನಿಯಾದ ಮ್ಯಾರಿನರ್ಸ್ ಮ್ಯೂಸಿಯಂನಲ್ಲಿ ಅದಕ್ಕೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರೆಂಟು ಹಾಯಿಸುವ ಚಿಕಿತ್ಸೆ ನಡೆದಿದೆ. ಅಲ್ಲಿ ಮುಖ್ಯ ಗುರಿ ತುಕ್ಕಿನೊಳಗೆ ಸೇರಿಕೊಂಡ ಸಮುದ್ರದ ಕ್ಲೋರೈಡನ್ನು ಹೊರಗೆಳೆಯುವುದು. ಅದು ಉಳಿದರೆ ಒಣಗಿಸಿಟ್ಟ ಲೋಹವೂ ಹೋಳುಹೋಳಾಗಿ ಉದುರುತ್ತದೆ.

ಮನೆಯಲ್ಲಿ ಮಾಡುವುದಾದರೆ ಪ್ಲಾಸ್ಟಿಕ್ ಬಕೆಟ್ ಇರಲಿ, ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಸಾಕು. ಕತ್ತಿಯ ಹಿಡಿ ಬಿಚ್ಚಿಡಿ. ಕತ್ತಿಗೆ ಮೈನಸ್, ಅದಕ್ಕೆ ತಾಗದಂತೆ ನಿಲ್ಲಿಸಿದ ಸಾದಾ ಕಬ್ಬಿಣದ ಸರಳಿಗೆ ಪ್ಲಸ್. ಅದಲುಬದಲಾದರೆ ಕರಗುವುದು ಕತ್ತಿಯೇ. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬೇಡ, ವಿಷಕಾರಿ ಕ್ರೋಮಿಯಂ ನೀರಿಗಿಳಿಯಬಹುದು. ಸೋಡಾ ಬದಲು ಉಪ್ಪೂ ಬೇಡ, ಕ್ಲೋರಿನ್ ಹುಟ್ಟೀತು. ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಬಯಲಲ್ಲಿ, ಬೆಂಕಿ ಕಿಡಿಯಿಂದ ದೂರದಲ್ಲಿ ಮಾಡಿ. ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಬೇಡಿ. ಸ್ಪ್ರಿಂಗಿನಂಥ ಗಡಸು ಉಕ್ಕಿಗೆ ಈ ವಿಧಾನ ಸಲ್ಲದು, ಜಲಜನಕ ಒಳಸೇರಿ ಅದು ಬಿರುಕು ಬಿಡಬಹುದು.

ಹೊರತೆಗೆದ ಕತ್ತಿಯನ್ನು ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ತಡಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಏಳುತ್ತದೆ.