ಉಪ್ಪಿನ ಬಯಕೆಯನ್ನು ತಣಿಸುವ ಬಗೆ

"ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ" ಎಂಬುದು ನಮ್ಮ ಹಿರಿಯರ ಮಾತು. ಷಡ್ರಸಗಳಲ್ಲಿ ಬೇರೆ ಯಾವುದೊಂದನ್ನು ತೆಗೆದರೂ ಊಟವು ಊಟವಾಗಿಯೇ ಉಳಿದೀತು. ಉಪ್ಪೊಂದನ್ನು ತೆಗೆದೊಡನೆ ಅದು ಪಥ್ಯವಾಗಿಬಿಡುತ್ತದೆ. ರಕ್ತದ ಒತ್ತಡ ಏರಿದವರಿಗೂ, ಹೃದಯವು ದುರ್ಬಲವಾಗಿ ಕಾಲು ಬಾತುಕೊಂಡವರಿಗೂ, ಮೂತ್ರಪಿಂಡಗಳ ವ್ಯಾಧಿಯುಳ್ಳವರಿಗೂ ವೈದ್ಯರು ಸಾಮಾನ್ಯವಾಗಿ ಹೇಳುವ ಮೊದಲ ಮಾತೇ "ಉಪ್ಪು ಕಡಿಮೆ ಮಾಡಿ" ಎಂಬುದು. ಹೇಳುವುದು ಸುಲಭ. ಮೊದಲನೆಯ ದಿನ ರೋಗಿಯು ಸಪ್ಪೆ ಸಾರನ್ನು ಧೈರ್ಯದಿಂದಲೇ ಉಣ್ಣುತ್ತಾನೆ. ಮೂರನೆಯ ದಿನ ಅರ್ಧ ಊಟಕ್ಕೇ ಕೈತೊಳೆಯುತ್ತಾನೆ. ವಾರ ಕಳೆಯುವುದರೊಳಗೆ ಅವನ ಕಣ್ಣು ಉಪ್ಪಿನಕಾಯಿಯ ಭರಣಿಯ ಕಡೆಗೆ ಹೊರಳುತ್ತದೆ. ಔಷಧವನ್ನು ತಪ್ಪದೆ ಸೇವಿಸುವವರೂ ಪಥ್ಯದಲ್ಲಿ ಸೋಲುವುದು ಇಲ್ಲಿಯೇ.

ಈ ಸೋಲಿಗೆ ಮನೋದಾರ್ಢ್ಯದ ಕೊರತೆಯೇ ಕಾರಣವೆಂದು ನಾವು ರೋಗಿಯನ್ನು ದೂರುವುದುಂಟು. ಆದರೆ ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಉಪ್ಪಿನ ಈ ಬಯಕೆ ದೇಹದ ಕೊರತೆಯಿಂದ ಹುಟ್ಟಿದ್ದೋ, ನಾಲಗೆಯ ಅಭ್ಯಾಸದಿಂದ ಹುಟ್ಟಿದ್ದೋ? ಅಭ್ಯಾಸದ್ದಾದರೆ ಅದನ್ನು ತಿದ್ದಲು ಸಾಧ್ಯವೆ?

ಉಪ್ಪು ಮತ್ತು ನೀರು

ಅಡಿಗೆಯ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಧಾತುಗಳು ಕೂಡಿ ಆದ ಲವಣ. ಇದರ ತೂಕದ ಐದು ಪಾಲುಗಳಲ್ಲಿ ಸುಮಾರು ಎರಡು ಪಾಲು ಸೋಡಿಯಂ. ಆದ್ದರಿಂದ 1 ಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಉಪ್ಪು ಎಂದು ಲೆಕ್ಕ. ಪಥ್ಯದಲ್ಲಿ ಹಿಡಿತದಲ್ಲಿಡಬೇಕಾದುದು ಮುಖ್ಯವಾಗಿ ಈ ಸೋಡಿಯಂ.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆಯಲ್ಲಿ ಶರೀರಶಾಸ್ತ್ರವೇ ಅಡಗಿದೆ. ನಮ್ಮ ರಕ್ತದ ಲವಣತ್ವವು ಒಂದು ಕಿರಿದಾದ ಮಿತಿಯೊಳಗೇ ಇರಬೇಕು. ಉಪ್ಪು ಹೆಚ್ಚಾಗಿ ಒಳಗೆ ಸೇರಿದರೆ, ಅದನ್ನು ತೆಳುವಾಗಿಸಲು ದೇಹವು ನೀರನ್ನು ಹಿಡಿದಿಡುತ್ತದೆ. ದೇಹದಲ್ಲಿ ಉಳಿದುಕೊಂಡ 9 ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ಹಾಗೆ ಹಿಗ್ಗಿದ ರಕ್ತವನ್ನು ನೂಕುವ ಹೊರೆ ಹೃದಯದ ಮೇಲೆ ಬೀಳುತ್ತದೆ. ಬಲವಾದ ಹೃದಯ ಅದನ್ನು ಹೊತ್ತೀತು. ಸೋತ ಹೃದಯ ಹೊರಲಾರದೆ ಹೋದಾಗ ನೀರು ಕಾಲುಗಳಲ್ಲಿಯೂ, ಕೊನೆಗೆ ಪುಪ್ಪುಸಗಳಲ್ಲಿಯೂ ನಿಲ್ಲುತ್ತದೆ. ಹಬ್ಬದ ದಿನ ಉಪ್ಪಿನಕಾಯಿ ಹಪ್ಪಳಗಳನ್ನು ಮಿತಿಮೀರಿ ತಿಂದ ರೋಗಿಗೆ ಆ ರಾತ್ರಿ ಮಲಗಿದರೆ ಉಸಿರು ಕಟ್ಟುವುದು ಈ ಕಾರಣದಿಂದಲೇ.

ಹಾಗಾದರೆ ದೇಹಕ್ಕೆ ಉಪ್ಪು ಬೇಡವೆ? ಬೇಕು, ಆದರೆ ಅಲ್ಪ ಪ್ರಮಾಣದಲ್ಲಿ ಸಾಕು. ಏಕೆಂದರೆ ಉಪ್ಪಿನ ವಿಷಯದಲ್ಲಿ ನಮ್ಮ ಮೂತ್ರಪಿಂಡಗಳಷ್ಟು ಜಿಪುಣರು ಬೇರೆ ಇಲ್ಲ. ಒಂದು ದಿನದಲ್ಲಿ ಅವು ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪು ಸುಮಾರು ಒಂದೂವರೆ ಕಿಲೋಗ್ರಾಂ! ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚನ್ನು ಮರಳಿ ರಕ್ತಕ್ಕೇ ಒಪ್ಪಿಸಿ, ಉಳಿದ ಅಲ್ಪವನ್ನು ಮಾತ್ರ ಹೊರಗೆ ಬಿಡುತ್ತವೆ. ತಿಂದ ಉಪ್ಪು ಕಡಿಮೆಯಾದಾಗ ಈ ಜಿಪುಣತನವನ್ನು ಇನ್ನೂ ಬಿಗಿಗೊಳಿಸುವ ಆಲ್ಡೊಸ್ಟೆರೋನ್ ಎಂಬ ಗ್ರಂಥಿರಸವನ್ನು 1953ರಲ್ಲಿ ಬೇರ್ಪಡಿಸಿ ಗುರುತಿಸಲಾಯಿತು. ಬ್ರೆಜಿಲ್ ದೇಶದ ಅರಣ್ಯಗಳಲ್ಲಿರುವ ಯಾನೊಮಾಮಿ ಜನರು ಉಪ್ಪನ್ನು ಬಹುಮಟ್ಟಿಗೆ ಬಳಸದೆಯೇ ಬಾಳುತ್ತಿದ್ದರೆಂದೂ, ವಯಸ್ಸು ಏರಿದರೂ ಅವರ ರಕ್ತದ ಒತ್ತಡ ಏರುತ್ತಿರಲಿಲ್ಲವೆಂದೂ 1988ರಲ್ಲಿ ಪ್ರಕಟವಾದ 'ಇಂಟರ್‌ಸಾಲ್ಟ್' ಎಂಬ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜಗತ್ತಿನ ಜನ ಸರಾಸರಿಯಲ್ಲಿ ತಿನ್ನುತ್ತಿರುವುದು ಅದರ ಎರಡರಷ್ಟಕ್ಕೂ ಮಿಗಿಲು.

ಎರಡು ಬಗೆಯ ಬಯಕೆ

ದೇಹಕ್ಕೆ ನಿಜವಾಗಿಯೂ ಉಪ್ಪಿನ ಕೊರತೆಯಾದಾಗ ಹುಟ್ಟುವ ಹಸಿವೊಂದುಂಟು. ಅದು ಎಷ್ಟು ಪ್ರಬಲವೆಂಬುದಕ್ಕೆ ಅಮೆರಿಕದ ವಿಲ್ಕಿನ್ಸ್ ಮತ್ತು ರಿಕ್ಟರ್ ಎಂಬ ವಿಜ್ಞಾನಿಗಳು 1940ರಲ್ಲಿ ಪ್ರಕಟಿಸಿದ ವೃತ್ತಾಂತವೇ ಸಾಕ್ಷಿ. ಮೂರೂವರೆ ವರ್ಷದ ಒಬ್ಬ ಬಾಲಕ ಶೈಶವದಿಂದಲೂ ಉಪ್ಪಿಗಾಗಿ ಹಂಬಲಿಸುತ್ತಿದ್ದನು. ಬಿಸ್ಕತ್ತಿನ ಮೇಲಿನ ಉಪ್ಪನ್ನು ನೆಕ್ಕಿ ಬಿಸ್ಕತ್ತನ್ನು ಬಿಡುತ್ತಿದ್ದನು. ಅವನು ಮೊದಮೊದಲು ಕಲಿತ ಮಾತುಗಳಲ್ಲಿ 'ಉಪ್ಪು' ಎಂಬುದೂ ಒಂದು. ಬೇರೆ ಕಾರಣಕ್ಕಾಗಿ ಅವನನ್ನು ಆಸ್ಪತ್ರೆಗೆ ಸೇರಿಸಿದಾಗ, ಎಲ್ಲ ಮಕ್ಕಳಿಗೂ ಕೊಡುವ ಸಾಮಾನ್ಯ ಆಹಾರವನ್ನೇ ಕೊಡಲಾಯಿತು. ಏಳೇ ದಿನಗಳಲ್ಲಿ ಬಾಲಕ ತೀರಿಕೊಂಡನು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕೆಟ್ಟು, ಅವನ ದೇಹ ಉಪ್ಪನ್ನು ಹಿಡಿದಿಡಲಾರದೆ ಇದ್ದಿತೆಂಬುದು ಮರಣಾನಂತರದ ಪರೀಕ್ಷೆಯಿಂದ ತಿಳಿಯಿತು. ಆ ಮಗುವಿನ ಬಯಕೆ ಚಪಲವಲ್ಲ. ಜೀವವನ್ನು ಉಳಿಸಿಕೊಳ್ಳುವ ಯತ್ನ.

ಇಂಥ ನಿಜವಾದ ಹಸಿವು ಅಪೂರ್ವ. ಹಿಂದಿಲ್ಲದ ಬಯಕೆ ಒಮ್ಮೆಲೆ ತೀವ್ರವಾಗಿ ತೋರಿ, ಜೊತೆಗೆ ನಿಶ್ಶಕ್ತಿ, ತಲೆಸುತ್ತು, ತೂಕದ ಇಳಿತಗಳು ಕಂಡುಬಂದರೆ ವೈದ್ಯರಿಗೆ ತಿಳಿಸತಕ್ಕದ್ದು. ವಾಂತಿಭೇದಿಯಾದಾಗಲೂ, ಬಿಸಿಲಿನಲ್ಲಿ ದುಡಿದು ವಿಪರೀತ ಬೆವರುವವರೂ, ಮೂತ್ರವನ್ನು ಹೆಚ್ಚಿಸುವ ಔಷಧಗಳನ್ನು ಸೇವಿಸುವವರೂ ತಮ್ಮ ಉಪ್ಪಿನ ಅಳತೆಯನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು. ಆದರೆ ಪಥ್ಯದಲ್ಲಿರುವ ಬಹುಮಂದಿಯ ಬಯಕೆ ಈ ಜಾತಿಯದಲ್ಲ. ಅವರ ದೇಹದಲ್ಲಿ ಉಪ್ಪು ಸಾಕಷ್ಟಿದೆ, ಅಥವಾ ಸಾಕಾದುದಕ್ಕಿಂತ ಹೆಚ್ಚೇ ಇದೆ. ಬೇಡುತ್ತಿರುವುದು ನಾಲಗೆ.

ನಾಲಗೆಗೆ ಹೊಸ ಪಾಠ

ಹೊಸದಾಗಿ ಹುಟ್ಟಿದ ಕೂಸು ಸಿಹಿಯನ್ನು ಕಂಡರೆ ಹಿಗ್ಗುತ್ತದೆ, ಕಹಿಯನ್ನು ಕಂಡರೆ ಮುಖ ಸಿಂಡರಿಸುತ್ತದೆ; ಉಪ್ಪಿಗೆ ಮಾತ್ರ ಉದಾಸೀನ. ನಾಲ್ಕರಿಂದ ಆರು ತಿಂಗಳಾದ ಮೇಲೆ ಅದಕ್ಕೆ ಉಪ್ಪಿನಲ್ಲಿ ಒಲವು ಮೂಡುತ್ತದೆ. ಎಷ್ಟು ಉಪ್ಪು ಹಿತವೆಂಬುದನ್ನು ಮುಂದೆ ಅದು ಬೆಳೆಯುವ ಮನೆಯ ಅಡಿಗೆಯೇ ಕಲಿಸುತ್ತದೆ. ಒಂದು ಮನೆಗೆ ಹದವಾದ ಹುಳಿ ಇನ್ನೊಂದು ಮನೆಯವರಿಗೆ ಉಪ್ಪುಪ್ಪಾಗಿ ತೋರುವುದು ಎಲ್ಲರೂ ಕಂಡ ಸಂಗತಿಯಷ್ಟೆ.

ಕಲಿತ ಪಾಠವನ್ನು ನಾಲಗೆ ಮರೆಯಬಲ್ಲುದೆ? ಅಮೆರಿಕದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಶೋಧನ ಕೇಂದ್ರದ ವಿಜ್ಞಾನಿಗಳು 1982ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ತರುಣರ ಒಂದು ತಂಡ ಐದು ತಿಂಗಳ ಕಾಲ ಕಡಿಮೆ ಸೋಡಿಯಂನ ಆಹಾರವನ್ನು ತಿಂದಿತು. ಮೊದಲು ಅವರಿಗೆ ಹಿತವೆನಿಸಿದ್ದ ಉಪ್ಪಿನ ಮಟ್ಟ ಕ್ರಮೇಣ ಇಳಿಯಿತು. ಕಡಿಮೆ ಉಪ್ಪಿನ ಸೂಪು, ಬಿಸ್ಕತ್ತುಗಳೇ ಅವರಿಗೆ ರುಚಿಯಾದವು. ಅದೇ ವಿಜ್ಞಾನಿಗಳು 1986ರಲ್ಲಿ ಇದರ ವಿಲೋಮವನ್ನು ಪರೀಕ್ಷಿಸಿದರು. ಹೆಚ್ಚಿನ ಉಪ್ಪನ್ನು ಆಹಾರದಲ್ಲಿ ಬೆರೆಸಿ ತಿಂದವರ ರುಚಿಯ ಮಟ್ಟ ಏರಿತು. ಅದನ್ನು ಗುಳಿಗೆಗಳಾಗಿ ನುಂಗಿದವರಲ್ಲಿ ಏರಲಿಲ್ಲ. ಎಂದಮೇಲೆ ಪಾಠ ಕಲಿಯುವುದು ರಕ್ತವಲ್ಲ, ನಾಲಗೆ.

ಪಥ್ಯದವರಿಗೆ ಇದಕ್ಕಿಂತ ಭರವಸೆಯ ಸುದ್ದಿ ಇಲ್ಲ. ಸಪ್ಪೆಯೂಟದ ಕಷ್ಟ ಜೀವಾವಧಿ ಶಿಕ್ಷೆಯಲ್ಲ. ಎರಡು ಮೂರು ತಿಂಗಳ ಕಷ್ಟ. ಆ ಅವಧಿಯನ್ನು ದಾಟುವ ಉಪಾಯಗಳನ್ನು ಇನ್ನು ನೋಡೋಣ.

ಅಡಿಗೆಮನೆಯ ಉಪಾಯಗಳು

ಮೊದಲನೆಯದು, ಉಪ್ಪನ್ನು ಎಲ್ಲಿ ಹಾಕಬೇಕೆಂಬುದು. ನಾಲಗೆ ರುಚಿ ನೋಡುವುದು ತನಗೆ ತಗಲಿದ ಉಪ್ಪನ್ನು ಮಾತ್ರ. ತರಕಾರಿಯ ಹೋಳಿನ ಒಳಗೆ ಸೇರಿದ ಉಪ್ಪಿನ ಬಹುಭಾಗ ರುಚಿಗೆ ಒದಗದೆ ಹೊಟ್ಟೆಗೆ ಇಳಿಯುತ್ತದೆ. ಆದ್ದರಿಂದ ಉಪ್ಪಿಲ್ಲದೆ ಬೇಯಿಸಿ, ಬಡಿಸುವಾಗ ಮೇಲೆ ಚಿಟಿಕೆ ಉದುರಿಸಿದರೆ ಕಡಿಮೆ ಉಪ್ಪಿನಿಂದಲೇ ಹೆಚ್ಚು ರುಚಿ ದೊರೆಯುತ್ತದೆ. ಹಾಗೆ ಮಾಡಿದರೆ ತಿನ್ನುವವನು ಕಳೆದುದನ್ನೆಲ್ಲ ಮೇಲಿನಿಂದ ತುಂಬಿಕೊಳ್ಳುವುದಿಲ್ಲವೆ ಎಂಬ ಶಂಕೆ ಸಹಜ. ಮೊನೆಲ್ ಕೇಂದ್ರದವರೇ ಇದನ್ನೂ ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದರು. ಅಡಿಗೆಯ ಸೋಡಿಯಂ ಅನ್ನು ಅರ್ಧಕ್ಕೆ ಇಳಿಸಿ, ಬೇಕಾದಷ್ಟು ಹಾಕಿಕೊಳ್ಳಲು ಉಪ್ಪಿನ ಡಬ್ಬಿಯನ್ನು ಕೈಗೇ ಕೊಟ್ಟರೂ, ಜನರು ಕಳೆದುದರಲ್ಲಿ ಐದನೆಯ ಒಂದು ಪಾಲನ್ನು ಸಹ ತುಂಬಿಕೊಳ್ಳಲಿಲ್ಲ. ಎಲೆಯ ಅಂಚಿನಲ್ಲಿ ಉಪ್ಪು ಬಡಿಸುವ ನಮ್ಮ ಹಳೆಯ ವಾಡಿಕೆಯನ್ನು ಈ ದೃಷ್ಟಿಯಿಂದ ಬಳಸಿಕೊಳ್ಳಬಹುದು. ಆದರೆ ಅಡಿಗೆಗೂ ಉಪ್ಪು ಹಾಕಿ, ಎಲೆಗೂ ಬಡಿಸಿದರೆ ಪ್ರಯೋಜನವಿಲ್ಲ.

ಎರಡನೆಯದು ಕಹಿ. ಉಪ್ಪಿನ ಕೆಲಸ ಉಪ್ಪುರುಚಿ ಕೊಡುವುದಷ್ಟೇ ಅಲ್ಲ. ಅದು ಆಹಾರದಲ್ಲಿ ಅಡಗಿರುವ ಕಹಿಯನ್ನು ಅದುಮುತ್ತದೆ, ಅದರಿಂದ ಸಿಹಿ ಮೇಲಕ್ಕೆ ಬರುತ್ತದೆ. ಉಪ್ಪನ್ನು ತೆಗೆದಾಗ ಊಟ ಸಪ್ಪೆಯಾಗುವುದರ ಜೊತೆಗೆ ಕೆಟ್ಟಂತೆಯೂ ತೋರುವುದು ಇದರಿಂದಲೇ. ಹಾಗಲಕಾಯಿ, ಮೆಂತ್ಯದ ಸೊಪ್ಪುಗಳು ಉಪ್ಪಿಲ್ಲದೆ ಗಂಟಲಿಗೆ ಇಳಿಯುವುದು ಕಷ್ಟ. ಸಿಹಿಗುಂಬಳ, ಗಜ್ಜರಿ, ಎಳೆಯ ಹುರುಳಿಕಾಯಿ, ಹಸಿಯ ಅವರೆಕಾಳುಗಳಿಗೆ ಅಷ್ಟು ತೊಂದರೆಯಿಲ್ಲ. ಮೊದಲ ತಿಂಗಳ ಅಡಿಗೆಗೆ ಇಂಥವನ್ನೇ ಆರಿಸಿಕೊಳ್ಳುವುದು ಜಾಣತನ.

ಮೂರನೆಯದು ಹುಳಿ ಮತ್ತು ಪರಿಮಳ. ಹುಳಿಯ ನೆರವಿನಿಂದ ಅಲ್ಪ ಉಪ್ಪೂ ಎದ್ದು ತೋರುತ್ತದೆ. ನಿಂಬೆ, ಹುಣಿಸೆ, ಮಾವಿನಕಾಯಿ, ಕರಾವಳಿಯ ಪುನರ್ಪುಳಿ, ಮಲೆನಾಡಿನ ಅಮಟೆಕಾಯಿ ಎಂದು ಹುಳಿಗೆ ನಮ್ಮಲ್ಲಿ ಬರವಿಲ್ಲ. ಟೊಮಾಟೊ ಹಣ್ಣಿನಲ್ಲಿ ಹುಳಿಯ ಜೊತೆಗೆ ಗ್ಲುಟಮೇಟ್ ಎಂಬ ವಸ್ತುವೂ ಇದೆ. ಊಟಕ್ಕೆ ಮೈದುಂಬಿದ ಸವಿಯನ್ನು ಕೊಡುವ ಈ ವಸ್ತುವನ್ನು ಜಪಾನಿನ ಇಕೆಡಾ 1908ರಲ್ಲಿ ಕಡಲ ಪಾಚಿಯಿಂದ ಬೇರ್ಪಡಿಸಿದರು. ಇನ್ನು ಇಂಗು, ಕರಿಬೇವು, ಸಾಸಿವೆಗಳ ಒಗ್ಗರಣೆಯ ಘಮ ಮೂಗಿನ ಮೂಲಕ ರುಚಿಯನ್ನು ತುಂಬುತ್ತದೆ. ಮೆಣಸು, ಶುಂಠಿ, ಹಸಿಮೆಣಸಿನಕಾಯಿಗಳ ಖಾರ ವಾಸ್ತವವಾಗಿ ರುಚಿಯಲ್ಲ, ಉರಿಯ ಅನುಭವ. ಆದರೂ ಸಪ್ಪೆತನವನ್ನು ಮರೆಸುವುದರಲ್ಲಿ ಅದು ಗಟ್ಟಿಗ.

ಈ ಮೂರೂ ಕೂಡಿದ ಒಂದು ಉದಾಹರಣೆ: ತೊಗರಿಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ, ಮಾಮೂಲಿಗಿಂತ ಹೆಚ್ಚಾಗಿ ಟೊಮಾಟೊ ಹಾಕಿ, ಆಗತಾನೆ ಕುಟ್ಟಿದ ಮೆಣಸು ಜೀರಿಗೆಯನ್ನು ಬೆರೆಸಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟು, ಇಳಿಸಿದ ಮೇಲೆ ನಿಂಬೆರಸ ಹಿಂಡಬೇಕು. ಅನ್ನಕ್ಕೆ ಕಲಸಿಕೊಳ್ಳುವಾಗ ಒಂದು ಚಿಟಿಕೆ ಉಪ್ಪು ಸಾಕಾಗುತ್ತದೆ. ಕೋಸಂಬರಿಗೂ ಹೀಗೆಯೇ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರುಬಿಟ್ಟು ಉಪ್ಪು ಪಾತ್ರೆಯ ತಳ ಸೇರುತ್ತದೆ. ತಿನ್ನುವ ಗಳಿಗೆಯಲ್ಲಿ ಹಾಕಿದರೆ ಪ್ರತಿಯೊಂದು ಹರಳೂ ನಾಲಗೆಗೆ ಸಿಕ್ಕುತ್ತದೆ.

ಉಪ್ಪಿನಕಾಯಿಯ ವಿಷಯ ಬೇರೆ. ಅಲ್ಲಿ ಉಪ್ಪು ರುಚಿಗಾಗಿ ಮಾತ್ರವಲ್ಲ, ಕೆಡದಂತೆ ಕಾಯುವುದಕ್ಕೆಂದೂ ಇರುತ್ತದೆ. ಕಡಿಮೆ ಮಾಡಿದರೆ ಬೂಸಲು ಹಿಡಿಯುತ್ತದೆ. ಆದುದರಿಂದ ವರ್ಷದ ಉಪ್ಪಿನಕಾಯಿಗೆ ಬದಲಾಗಿ ದಿನದ ಉಪ್ಪಿನಕಾಯಿ ಇರಲಿ. ಮಾವಿನಕಾಯಿ ಅಥವಾ ನೆಲ್ಲಿಕಾಯಿಯ ಸಣ್ಣ ಹೋಳುಗಳಿಗೆ ಖಾರದ ಪುಡಿ, ಸಾಸಿವೆಪುಡಿ, ಇಂಗಿನ ಒಗ್ಗರಣೆಗಳನ್ನು ಬೆರೆಸಿ ಅಂದಂದೇ ತಿಂದು ಮುಗಿಸಿದರೆ ಕಾವಲಿನ ಉಪ್ಪು ಬೇಕಾಗುವುದಿಲ್ಲ. ನಾಲಗೆ ಹಂಬಲಿಸುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಆ ಹುಳಿ, ಖಾರ, ಘಮಗಳೇ ಎಂಬುದು ಆಗ ಗೊತ್ತಾಗುತ್ತದೆ.

ಮೋಸಹೋಗುವ ಸ್ಥಳಗಳು

ಸೋಡಿಯಂ ಎಲ್ಲೆಡೆಯೂ ಉಪ್ಪಾಗಿ ತೋರಿಕೊಳ್ಳುವುದಿಲ್ಲ. ಅಡಿಗೆಯ ಸೋಡದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋಡಿಯಂ ಇದೆ. ಬ್ರೆಡ್ಡು, ಬಿಸ್ಕತ್ತುಗಳಲ್ಲಿಯೂ, ಹೊಟ್ಟೆಯುರಿಗೆಂದು ನೀರಿನಲ್ಲಿ ನೊರೆಯುಕ್ಕಿಸಿ ಕುಡಿಯುವ ಪುಡಿಗಳಲ್ಲಿಯೂ ಅದು ಅಡಗಿರುತ್ತದೆ. ಹಪ್ಪಳಕ್ಕೆ ಉಪ್ಪಿನ ಜೊತೆಗೆ ಹಾಕುವ ಕ್ಷಾರವೂ ಸೋಡಿಯಂನದೇ. ಪೊಟ್ಟಣದ ತಿಂಡಿಗಳ ಮೇಲೆ ಸೋಡಿಯಂ ಎಷ್ಟೆಂದು ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ ಉಪ್ಪಿನ ಲೆಕ್ಕ ತಿಳಿಯಬಹುದು.

ಸೈಂಧವ ಲವಣ ನಿರಪಾಯಕರವೆಂದು ಹಲವರು ನಂಬಿದ್ದಾರೆ. ಅದು ಗಣಿಯಿಂದ ಬಂದುದಾದರೂ ಬಹುತೇಕ ಸೋಡಿಯಂ ಕ್ಲೋರೈಡೇ. ಅದರ ಬಣ್ಣ ನೋಡಿ ಹೃದಯ ರಿಯಾಯಿತಿ ತೋರಿಸುವುದಿಲ್ಲ.

ಸೋಡಿಯಂನ ಒಂದು ಪಾಲಿಗೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ನಿಜಕ್ಕೂ ಪ್ರಯೋಜನಕಾರಿ. ಚೀನದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಲವಣವಿದ್ದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯುವಿನ ಆಘಾತಗಳು ನೂರಕ್ಕೆ ಹದಿನಾಲ್ಕರಷ್ಟು ಕಡಿಮೆಯಾದವು. ಆದರೆ ಮೂತ್ರಪಿಂಡಗಳು ದುರ್ಬಲವಾದವರಲ್ಲಿಯೂ, ರಕ್ತದ ಒತ್ತಡಕ್ಕೂ ಹೃದ್ರೋಗಕ್ಕೂ ಕೊಡುವ ಕೆಲವು ಔಷಧಗಳನ್ನು ಸೇವಿಸುವವರಲ್ಲಿಯೂ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ನಿಲ್ಲಿಸಬಹುದು. ಆದ್ದರಿಂದ ಪಥ್ಯದಲ್ಲಿರುವವರು ಈ ಉಪ್ಪನ್ನು ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬಾರದು.

ಇಷ್ಟನ್ನು ಆಚರಣೆಗೆ ತರುವ ಸರಳ ಕ್ರಮವೊಂದಿದೆ. ವೈದ್ಯರು ಗೊತ್ತುಮಾಡಿದ ದಿನದ ಉಪ್ಪಿನಲ್ಲಿ ತಿಂಡಿ ಮತ್ತು ಹಾಲು ಮೊಸರುಗಳ ಪಾಲನ್ನು ಕಳೆದು, ಉಳಿದುದನ್ನು ಬೆಳಗ್ಗೆಯೇ ಅಳೆದು ಒಂದು ಪುಟ್ಟ ಬಟ್ಟಲಿನಲ್ಲಿಡಬೇಕು. ಆ ದಿನದ ಎಲ್ಲ ಚಿಟಿಕೆಗಳೂ ಆ ಬಟ್ಟಲಿನಿಂದಲೇ ಬರಲಿ. ಬಟ್ಟಲು ಬರಿದಾದರೆ ಅಂದಿಗೆ ಮುಗಿಯಿತು. ರೋಗಿಗೆಂದು ಬೇರೆ ಪಾತ್ರೆಯಲ್ಲಿ ಸಪ್ಪೆ ಬೇಯಿಸಿ, ಅವನ ಎದುರಿಗೇ ಉಳಿದವರು ಹಪ್ಪಳ ಮುರಿಯುವುದು ಕ್ರೂರವಷ್ಟೇ ಅಲ್ಲ, ಪಥ್ಯ ಮುರಿಯಲು ಆಹ್ವಾನವೂ ಹೌದು. ಇಡೀ ಮನೆಯೇ ತಿಂಗಳಿಗಿಷ್ಟೆಂದು ಉಪ್ಪನ್ನು ಇಳಿಸುತ್ತ ಬಂದರೆ ರೋಗಿಗೆ ಒಂಟಿತನ ತಪ್ಪುತ್ತದೆ. ಮನೆಯ ಮಕ್ಕಳ ನಾಲಗೆ ಮೊದಲಿನಿಂದಲೇ ಮಿತವಾದ ಉಪ್ಪಿನ ಪಾಠವನ್ನು ಕಲಿಯುತ್ತದೆ.