ಶಾಸ್ತ್ರದಾನ: ಮಾನ್ಯಖೇಟದ ಒಂದು ನಿದರ್ಶನ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ. ವಿಧಿ, ದ್ರವ್ಯ, ದಾತೃ, ಪಾತ್ರ ಇವುಗಳ ವಿಶೇಷದಿಂದ ದಾನದ ಫಲವು ಭಿನ್ನವಾಗುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ದ್ರವ್ಯದ ವಿಶೇಷವೆಂದರೆ ಮೊತ್ತವಲ್ಲ. ಪಡೆದವನ ತಪಸ್ಸು, ಸ್ವಾಧ್ಯಾಯಗಳನ್ನು ಬೆಳೆಸುವ ಗುಣ. ಹೆಸರಿನ ಫಲಕಕ್ಕೆ ಇಷ್ಟು ಹಣವೆಂದು ಗೊತ್ತುಮಾಡುವ ಈಗಿನ ರೂಢಿಗೆ ಇಲ್ಲಿ ಆಧಾರವಿಲ್ಲ.

ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. 10ನೆಯ ಶತಮಾನದಲ್ಲಿ ಪುಷ್ಪದಂತ ಕವಿಯು ದಾರಿ ನಡೆದು ದಣಿದು ಅಲ್ಲಿಗೆ ಬಂದನು. ಸಿರಿವಂತರ ಆಶ್ರಯವೆಂದರೆ ಹೇಸುವ ಅಭಿಮಾನಿ ಅವನು. ಮುಮ್ಮಡಿ ಕೃಷ್ಣನ ಮಂತ್ರಿ ಭರತನು ಅವನನ್ನು ಮನೆಗೆ ಕರೆತಂದು ಉಪಚರಿಸಿ, ತನ್ನವರಲ್ಲಿ ಒಬ್ಬನಂತೆ ಇರಿಸಿಕೊಂಡನು. ಧನವು ತನಗೆ ಹುಲ್ಲಿಗೆ ಸಮ, ಸ್ನೇಹಕ್ಕಾಗಿಯೇ ಆ ಮನೆಯಲ್ಲಿರುವೆನೆಂದು ಕವಿಯು ಹೇಳಿಕೊಂಡಿದ್ದಾನೆ. 959ರಲ್ಲಿ ಆರಂಭವಾದ ಅವನ ಅಪಭ್ರಂಶ ಮಹಾಪುರಾಣವು 965ರಲ್ಲಿ ಮುಗಿಯಿತು.

ಅದೇ ರಾಜಧಾನಿಯ ಪೊನ್ನಕವಿಯ ಶಾಂತಿಪುರಾಣವನ್ನು ಅತ್ತಿಮಬ್ಬೆಯು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅದು ಓಲೆಗರಿಯ ಕಾಲ. ಪ್ರತಿಯೊಂದಕ್ಕೂ ಲಿಪಿಕಾರನ ಹಲವು ದಿನಗಳ ದುಡಿಮೆ ಬೇಕು.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಭರತನ ಮನೆ ಎಲ್ಲಿತ್ತೆಂದು ಇಂದು ಮಳಖೇಡದಲ್ಲಿ ತೋರಿಸುವವರಿಲ್ಲ. ಆ ಮನೆಯಲ್ಲಿ ಹುಟ್ಟಿದ ಮಹಾಪುರಾಣವು ಮಾತ್ರ 1937ರಿಂದ 1941ರವರೆಗೆ ಪಿ.ಎಲ್. ವೈದ್ಯರ ಸಂಪಾದನೆಯಲ್ಲಿ, ಮುಂಬಯಿಯ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯ ಮೂರು ಸಂಪುಟಗಳಾಗಿ ಅಚ್ಚಾಯಿತು. ಆ ಮಾಲೆಯೂ ಶ್ರಾವಕರ ದಾನದಿಂದ ನಡೆದದ್ದೇ.