‘ಫೋನ್ ಕಿತ್ಕೋತಾರೆ’ ಅನ್ನುವ ಭಯ

ಒಂಬತ್ತನೇ ಕ್ಲಾಸಿನ ಆ ಹುಡುಗಿ ನನ್ನೆದುರು ಕೂತು ಅರ್ಧ ಗಂಟೆ ಬಾಯಿ ಬಿಡಲಿಲ್ಲ. ರಾಮಾಪುರದ ಕಡೆಯಿಂದ ಕರೆದುಕೊಂಡು ಬಂದಿದ್ದ ಅಜ್ಜಿಯೇ ಮಾತಾಡಿದರು: ‘ಮೊಗ ಉಣ್ಣದ ಬುಟ್ಬುಡ್ತು. ರಾತ್ರಿಯೆಲ್ಲ ನಿದ್ದನೇ ಇಲ್ಲ ಕನಿ. ಯಾರಾರ ಮಾಟಗೀಟ ಮಾಡ್ಸವ್ರೇನೋ.’ ಅಪ್ಪ ಅಮ್ಮ ಇಬ್ಬರೂ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಕೆಲಸದಲ್ಲಿದ್ದಾರೆ. ಅಜ್ಜಿ ಹೊರಗೆ ಹೋದಮೇಲೆ ಹುಡುಗಿ ಲಂಗದ ಮಡಿಕೆಯಿಂದ ಫೋನ್ ತೆಗೆದು ನನ್ನ ಮುಂದೆ ಇಟ್ಟಳು. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದವನೊಬ್ಬ ಅವಳ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದ. ಇಪ್ಪತ್ತು ದಿನದಿಂದ ಅದನ್ನು ಒಬ್ಬಳೇ ನುಂಗಿಕೊಂಡಿದ್ದಳು. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಫೋನ್ ಕಿತ್ಕೋತಾರೆ. ಆಮೇಲೆ ಸ್ಕೂಲ್ ಬುಡ್ಸಿ ಮದ್ವೆ ಮಾಡ್ಬುಡ್ತಾರೆ.’

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆದರೆ ಈ ಉತ್ತರವನ್ನು ಮಾತ್ರ ಬದಲಿಸಿಲ್ಲ. ಹನೂರು, ಕೌದಳ್ಳಿ, ಮಾರ್ಟಳ್ಳಿ, ಅಜ್ಜೀಪುರ, ಎಲ್ಲ ಕಡೆಯ ಮಕ್ಕಳ ಬಾಯಲ್ಲೂ ಇದನ್ನೇ ಕೇಳುತ್ತೇನೆ. ಫೋನಿನಿಂದ ಬಂದ ಕಷ್ಟಕ್ಕಿಂತ, ಆ ಕಷ್ಟವನ್ನು ಹೇಳಿಕೊಂಡರೆ ಮನೆಯಲ್ಲಿ ಏನಾಗುತ್ತದೋ ಅನ್ನುವ ಭಯವೇ ಈ ವಯಸ್ಸಿನವರನ್ನು ಹೆಚ್ಚು ಹಿಂಡುತ್ತದೆ.

ನಮ್ಮ ಹಟ್ಟಿಗಳಿಗೆ ಫೋನನ್ನು ತಂದವರು ಮಕ್ಕಳಲ್ಲ, ನಾವೇ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪಾಠಕ್ಕೆ ಬೇಕೆಂದು ಸಾಲ ಮಾಡಿ ಕೊಡಿಸಿದೆವು. ಶಾಲೆ ತೆರೆಯಿತು, ಫೋನ್ ಮನೆಯಲ್ಲೇ ಉಳಿಯಿತು. ದೂರದ ಊರಿನಲ್ಲಿ ದುಡಿಯುವ ಅಪ್ಪ ಅಮ್ಮನ ಮುಖ ಕಾಣುವುದೂ ಅದೇ ಫೋನಿನಲ್ಲಿ. ಹಾಗಾಗಿ ‘ಕೊಡಲೇಬೇಡಿ’ ಎನ್ನುವ ಸಲಹೆ ಈ ಸೀಮೆಯಲ್ಲಿ ನಡೆಯುವುದಿಲ್ಲ, ನಾನು ಅದನ್ನು ಹೇಳುವುದೂ ಇಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ 2024ರ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವಯಸ್ಸಿನವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕಾಗಿ ಬಳಸಿದವರು ಶೇ 76. ನಮ್ಮ ಮಗು ಏನೋ ವಿಪರೀತ ಮಾಡುತ್ತಿದೆ ಎಂದು ಗಾಬರಿಯಾಗುವ ಮೊದಲು ಈ ಲೆಕ್ಕ ನೆನಪಿರಲಿ.

ರೀಲ್ಸ್ ಯಾಕೆ ಅಷ್ಟು ಹಿಡಿದಿಡುತ್ತದೆ? ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟ ನೋಡಿದ್ದೀರಲ್ಲ. ಪ್ರತಿ ಸಲ ಸೋಪುಡಬ್ಬಿ ಬಿದ್ದರೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಬಿದ್ದೀತೋ ಇಲ್ಲವೋ ಗೊತ್ತಿಲ್ಲದಿರುವುದರಿಂದಲೇ ಇನ್ನೊಂದು, ಇನ್ನೊಂದು ಎನಿಸುತ್ತದೆ. ಮುಂದಿನ ರೀಲ್ ಚೆನ್ನಾಗಿರಬಹುದು, ಸ್ಟೋರಿಗೆ ಲೈಕ್ ಬಂದಿರಬಹುದು ಅನ್ನುವ ಆಸೆಯೂ ಇಂಥದ್ದೇ. ಹದಿಹರೆಯದ ಮಿದುಳಿನಲ್ಲಿ ಆಸೆ ಹುಟ್ಟಿಸುವ ಭಾಗ ಬೇಗ ಚುರುಕಾಗುತ್ತದೆ, ಸಾಕು ಎಂದು ತಡೆಯುವ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಮಗು ಹಟ ಮಾಡುತ್ತಿದೆ ಎಂದು ನಮಗೆ ಕಾಣುವಲ್ಲಿ ಅರ್ಧಪಾಲು ಕೆಲಸ ವಯಸ್ಸಿನದು.

ಇನ್ನು ಹಾನಿಯ ಮಾತು. 2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ), ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಸೋಷಿಯಲ್ ಮೀಡಿಯಾದಲ್ಲಿ ಕಳೆಯುವ ಮಕ್ಕಳಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಇಮ್ಮಡಿ ಎಂದು ಎಚ್ಚರಿಸಿದರು. ಅದೇ ವರ್ಷದ ಕೊನೆಗೆ ಅಲ್ಲಿನದೇ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ, ಇಡೀ ತಲೆಮಾರಿನ ಮನಸ್ಸು ಕೆಡಲು ಇದೇ ಕಾರಣ ಎನ್ನಲು ಪುರಾವೆ ಸಾಲದು ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು. ಬೇಸರದಲ್ಲಿರುವ ಮಗು ಫೋನಿಗೆ ಹೆಚ್ಚು ಅಂಟಿಕೊಳ್ಳುವುದೂ ಉಂಟು. ನಾನು ಗಂಟೆ ಎಣಿಸುವುದಕ್ಕಿಂತ ಮೊದಲು ಕೇಳುವುದು ನಿದ್ದೆಯನ್ನು. 13ರಿಂದ 18ರವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಕಂಬಳಿಯೊಳಗೆ ಒಂದು ಗಂಟೆವರೆಗೂ ಬೆಳಕು ಕಾಣುತ್ತಿದ್ದರೆ ಮಾರನೆಯ ದಿನದ ಸಿಡುಕು, ಮರೆವು, ಅಳುವಿಗೆ ಬೇರೆ ಕಾರಣ ಹುಡುಕುವುದೇ ಬೇಡ. ರಾತ್ರಿ ಊಟವಾದ ಮೇಲೆ ಮನೆಯ ಎಲ್ಲ ಫೋನೂ ನಡುಮನೆಯಲ್ಲಿ ಚಾರ್ಜಿಗೆ ಇರಲಿ. ‘ಎಲ್ಲ’ ಎಂದರೆ ಚಿಕ್ಕಪ್ಪನದೂ, ತಾತನದೂ.

ಎರಡನೆಯದು ಹೋಲಿಕೆ. ಹೆಣ್ಣುಮಕ್ಕಳು ಬಣ್ಣ, ಮೈಕಟ್ಟು ನೋಡಿಕೊಂಡು ಕುಗ್ಗುತ್ತಾರೆ. ತಮ್ಮ ಆ್ಯಪ್ ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ಮೈ ಬಗೆಗಿರುವ ಕೀಳರಿಮೆಯನ್ನು ಹೆಚ್ಚಿಸುತ್ತದೆ ಎಂದು ಇನ್‌ಸ್ಟಾಗ್ರಾಂನವರೇ ಒಳಗೊಳಗೆ ಬರೆದುಕೊಂಡಿದ್ದ ಸಂಗತಿ 2021ರಲ್ಲಿ ಹೊರಬಿತ್ತು. ಗಂಡುಮಕ್ಕಳು ಬೈಕು, ದುಡ್ಡು ನೋಡಿ ಕುಗ್ಗುತ್ತಾರೆ, ಆದರೆ ಅಳುವುದಿಲ್ಲ, ರೇಗುತ್ತಾರೆ. ಅದಕ್ಕೇ ಅವರ ನೋವು ನಮಗೆ ಬೇಗ ತಿಳಿಯುವುದಿಲ್ಲ.

2025ರಿಂದ ಭಾರತದಲ್ಲೂ ಇನ್‌ಸ್ಟಾಗ್ರಾಂನ ‘ಟೀನ್ ಅಕೌಂಟ್’ ಬಂದಿದೆ. ಹದಿನೆಂಟು ತುಂಬದವರ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. ಆದರೆ ಹುಟ್ಟಿದ ವರ್ಷ ಸರಿಯಾಗಿ ಹಾಕಿದ್ದರೆ ಮಾತ್ರ ಇದು ನಡೆಯುತ್ತದೆ. ಬೈಯದೆ, ಪಕ್ಕದಲ್ಲಿ ಕೂತು ಆ ವರ್ಷವನ್ನು ಒಮ್ಮೆ ನೋಡಿ.

ದೂರದಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ದಿನಾ ರಾತ್ರಿಯ ಕರೆಯಲ್ಲಿ ‘ಉಂಡ್ಯಾ, ಓದ್ದ್ಯಾ, ಫೋನ್ ಜಾಸ್ತಿ ನೋಡ್ಬ್ಯಾಡ’ ಎಂಬ ಮೂರೇ ಮಾತಿದ್ದರೆ ಮಗುವಿಗೆ ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ. ‘ಇವತ್ತು ಏನ್ ನೋಡಿ ನಗಾಡ್ದೆ? ನಂಗೂ ಕಳ್ಸು’ ಎನ್ನಿ. ಮಾದಪ್ಪನ ಜಾತ್ರೆಗೋ ಯುಗಾದಿಗೋ ಊರಿಗೆ ಬಂದಾಗ ಮುಖ ನೋಡಿಕೊಂಡು ಒಂದು ಭಾಷೆ ಕೊಡಿ: ಫೋನಿನಲ್ಲಿ ಏನೇ ಎಡವಟ್ಟಾಗಲಿ, ಮೊದಲು ನಮಗೆ ಹೇಳು, ಹೇಳಿದ ತಪ್ಪಿಗೆ ಫೋನ್ ಕಿತ್ಕೊಳ್ಳಲ್ಲ, ಸ್ಕೂಲ್ ಬಿಡಿಸಲ್ಲ. ಕೊಟ್ಟಮೇಲೆ ತಪ್ಪಬೇಡಿ.

ಯಾರಾದರೂ ಫೋಟೊ ಹಿಡಿದು ಹೆದರಿಸಿದರೆ ದುಡ್ಡು ಕಳಿಸಬೇಡಿ, ಮೆಸೇಜು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸ್ ಠಾಣೆಗೆ ಹೋಗಿ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇದೆ, ತಪ್ಪಿತಸ್ಥ ಅವನು, ನಿಮ್ಮ ಮಗುವಲ್ಲ. ಎರಡು ವಾರ ದಾಟಿಯೂ ಮಗು ಊಟ, ನಿದ್ದೆ, ಗೆಳೆಯರು ಎಲ್ಲ ಬಿಟ್ಟು ಕೂತರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಸಾಯುವ ಮಾತು ಬಾಯಲ್ಲಿ ಬಂದರೆ, ಮೈಗೆ ಗಾಯ ಮಾಡಿಕೊಂಡಿದ್ದು ಕಂಡರೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯತ ಕಟ್ಟಿಸುವ ಆಸೆಯಿದ್ದರೆ ಆಮೇಲೆ ಕಟ್ಟಿಸಿ.

ಆ ಹುಡುಗಿಯ ತಾಯಿ ರಾತ್ರಿ ಬಸ್ಸು ಹತ್ತಿ ಬಂದರು. ಬಾಗಿಲಲ್ಲಿ ಅವರ ಮುಖ ನೋಡಿ ನನಗೂ ಅಳುಕಾಯಿತು, ಹೊಡೆದುಬಿಡುತ್ತಾರೇನೋ ಎಂದು. ಅವರು ಬ್ಯಾಗು ಕೆಳಗಿಟ್ಟು ಮಗಳ ಪಕ್ಕ ಕೂತು, ‘ಹೋಗ್ಲಿ ಬುಡು ಮಗ, ನಾನಿವ್ನಿ’ ಎಂದರು. ಠಾಣೆಯ ಕೆಲಸ ಮುಗಿಸಿ ಊರಿಗೆ ಹೊರಟ ಬಸ್ಸಿನಲ್ಲಿ, ಸೀಟು ಸಿಕ್ಕ ಐದು ನಿಮಿಷಕ್ಕೇ ಹುಡುಗಿ ಅಮ್ಮನ ಭುಜಕ್ಕೆ ಒರಗಿ ನಿದ್ದೆ ಹೋದಳಂತೆ, ರಾಮಾಪುರ ಬರುವವರೆಗೂ ಏಳಲಿಲ್ಲವಂತೆ.